ಅಕ್ಕ ಗರಡಿ ಬಿಟ್ಟುಕೊಟ್ಟದ್ದು

ನನ್ನ ಭಾವ ಹಳಿಯಾಳದ ಹತ್ತಿರದ ಹಳ್ಳಿಯೊಂದರಲ್ಲಿ ಗರಡಿಯ ಉಸ್ತಾದರಾಗಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದರು. ಅವರು ತೀರಿಕೊಂಡಾಗ ಮಗ ಇನ್ನೂ ಚಿಕ್ಕವ, ಕನ್ನಡ ಶಾಲೆಯಲ್ಲಿದ್ದ. ಅವನು ದೊಡ್ಡವನಾಗುವವರೆಗೆ ಗರಡಿ ಯಾರ ಕೈಯಲ್ಲಿರಬೇಕೆಂದು ಹಿರಿಯರು ಮಾತಾಡುತ್ತಿದ್ದಾಗ ಅಕ್ಕ ಒಳಗಿನಿಂದ ಬಂದು, "ನಾ ನೋಡ್ಕೋತೇನಿ" ಎಂದಳು.

ಹೆಂಗಸರು ಗರಡಿಯ ಕೆಮ್ಮಣ್ಣಿಗೆ ಇಳಿಯುವಂತಿರಲಿಲ್ಲ. ಅವಳು ಇಳಿಯಲಿಲ್ಲ. ಬಾಗಿಲಾಚೆಯ ಕಟ್ಟೆಯ ಮೇಲೆ ಕುಳಿತೇ ಎಲ್ಲ ನಡೆಸಿದಳು. ಪಟ್ಟು ಕಲಿಸಲು ಹಳೆಯ ಪೈಲ್ವಾನರೊಬ್ಬರಿದ್ದರು. ಯಾರು ಯಾರ ಜೋಡಿ ಕುಸ್ತಿ ಹಿಡಿಯಬೇಕು, ಯಾರು ಯಾವ ಕುಸ್ತಿಗೆ ಹೋಗಬೇಕು ಎಂಬುದರಲ್ಲಿ ಅವಳದೇ ಕೊನೆಯ ಮಾತು.

ನಾನು ದಾಂಡೇಲಿಯಲ್ಲಿ ಇತಿಹಾಸದ ಶಿಕ್ಷಕಿಯಾಗಿದ್ದೆ. ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಪಕ್ಕದೂರಿನ ಉಸ್ತಾದರು ತಮ್ಮ ಹುಡುಗರನ್ನು ಕರೆದುಕೊಂಡು ಬಂದರು.

"ಗರಡಿ ಹೆಣ್ಣುಮಕ್ಕಳ ಕೈಯಾಗ ನಿಲ್ಲೂದಿಲ್ಲವ್ವಾ. ನಮಗ ಒಪ್ಪಿಸು. ಇಲ್ಲಂದ್ರ ಈ ಸಲ ಕುಸ್ತಿ ಕಣದಾಗ ನೋಡ್ಕೋತೇವಿ."

ಅಕ್ಕ ಎದ್ದು ನಿಲ್ಲಲೂ ಇಲ್ಲ. "ನೋಡ್ಕೋರಿ ಅಣ್ಣಾರ. ಗೆದ್ರ, ಗಂಡ ಸತ್ತಾಕಿ ಗರಡಿ ಸೋಲಿಸಿದ್ರು ಅಂತಾರ. ಸೋತ್ರ ನಿಮ್ಮೂರಾಗ ಏನಂತ ಹೇಳ್ತೀರಿ? ಕುಂದರ್ರಿ, ಚಾ ಕುಡೀರಿ."

ಅವರು ಚಹಾ ಕುಡಿದು ಹೋದರು. ಆ ವರ್ಷದ ಕುಸ್ತಿಗಳಲ್ಲಿ ಅವರ ಹುಡುಗರು ನಮ್ಮವರೊಂದಿಗೆ ಜೋಡಿ ಕಟ್ಟಲೇ ಇಲ್ಲ.

ನನಗೆ ಓದಿದ್ದೊಂದು ಕಥೆ ನೆನಪಾಯಿತು. ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಹೇಳಿದೆ: ಸಾವಿರ ವರ್ಷದ ಹಿಂದೆ ಪರ್ಷಿಯಾದಲ್ಲಿ ಒಬ್ಬ ರಾಣಿ, ಗಂಡ ಸತ್ತ ಮೇಲೆ ಎಳೆಯ ಮಗನ ಹೆಸರಿನಲ್ಲಿ ರಾಜ್ಯ ಆಳಿದಳು. ದಂಡೆತ್ತಿ ಬರುತ್ತೇನೆಂದ ಬಲಾಢ್ಯ ಸುಲ್ತಾನನಿಗೆ ಹೆಚ್ಚುಕಡಿಮೆ ನಿನ್ನ ಮಾತನ್ನೇ ಹೇಳಿ ಕಳಿಸಿದಳಂತೆ. ಅವಳು ಬದುಕಿರುವವರೆಗೆ ಅವನು ಬರಲಿಲ್ಲ.

"ಮಗಾ?" ಎಂದಳು ಅಕ್ಕ.

"ದೊಡ್ಡಾಂವ ಆದ. ಆದ್ರ ಆಕಿ ಅಧಿಕಾರ ಬಿಡಲಿಲ್ಲ. ಆಕಿ ಸತ್ತ ಮ್ಯಾಲೆ ಅವಗ ಆಳಾಕ ಆಗಲಿಲ್ಲ. ಅದ ಸುಲ್ತಾನ ಬಂದು ರಾಜ್ಯಾನೂ ತಗೊಂಡ, ಮಗನ್ನೂ ಸೆರಿ ಹಿಡದ."

ರೊಟ್ಟಿ ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದ ಮೇಲೆಯೇ ಅವಳಿಗೆ ಎಚ್ಚರವಾದದ್ದು.

ಮಗನಿಗೆ ಮೀಸೆ ಚಿಗುರುತ್ತಿದ್ದಂತೆ ಒಂದು ಬೆಳಿಗ್ಗೆ ಎಲ್ಲರನ್ನೂ ಕರೆದು, "ಇನ್ನ ಇವನ ಮಾತು ಕೇಳ್ರಿ" ಎಂದು ಕಟ್ಟೆಯಿಂದ ಇಳಿದುಬಿಟ್ಟಳು. ಇಷ್ಟು ಬೇಗ ಯಾಕೆಂದು ಹಿರಿಯರೇ ಬೇಡಿಕೊಂಡರು. ಕೇಳಲಿಲ್ಲ.

ಮಗ ಮೊದಲ ವರ್ಷವೇ ಎಡವಿದ. ಇನ್ನೂ ಪಳಗದ ಗೆಳೆಯನೊಬ್ಬನನ್ನು ದೊಡ್ಡ ಪೈಲ್ವಾನನ ಜೋಡಿ ಕಣಕ್ಕೆ ಬಿಟ್ಟ. ಗಳಿಗೆಯಲ್ಲಿ ಗೆಳೆಯನ ಬೆನ್ನು ಮಣ್ಣಿಗೆ ಹತ್ತಿತು. ಜನ ಸಿಳ್ಳೆ ಹೊಡೆದರು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಕ್ಕನ ಮುಖ ಕಪ್ಪಿಟ್ಟಿತ್ತು.

"ಸೋಲ್ತಾನಂತ ಗೊತ್ತಿದ್ದೂ ಮಗಗ ಯಾಕ ಹೇಳಲಿಲ್ಲ?" ಎಂದೆ.

"ಅಂವ ತಪ್ಪು ಮಾಡೂದಿದ್ರ ನಾ ಇರೂವಾಗನ ಮಾಡ್ಲಿ" ಎಂದಳು, ಕಣದಿಂದ ಕಣ್ಣು ಕೀಳದೆ. ಅಲ್ಲಿ ಮಗ, ಸೋತ ಗೆಳೆಯನ ಮೈಮೇಲಿನ ಮಣ್ಣು ಒರೆಸಿ, ಅವನ ಕೈ ಹಿಡಿದು ಎಬ್ಬಿಸುತ್ತಿದ್ದ.