ಪ್ರಶ್ನೆ ಕೇಳುವವರ ಮುಖಕ್ಕೂ ಬೆಳಕು ಬೇಕು

ಫುಸ್ಸ್...

ಲಾರಿಯ ಏರ್ ಬ್ರೇಕಿನ ಸದ್ದು. ಈ ಸಲದ ಸ್ಕೂಲ್ ಡೇಗೆ ಮುಂಚಿನ ಆ ಹದಿನೈದು ದಿನಗಳನ್ನು ನೆನೆದರೆ ಮೊದಲು ನನ್ನ ಕಿವಿಗೆ ಬರುವುದು ಅದೇ. ಭದ್ರಾವತಿಯಲ್ಲಿ ನನ್ನ ಮೊಮ್ಮಗಳ ಸ್ಕೂಲಿನ ಗೇಟಿನ ಮುಂದೆ ಹತ್ತು ಚಕ್ರದ ಲಾರಿಯೊಂದು ದೊಡ್ಡ ಉಸಿರು ಬಿಟ್ಟು ನಿಲ್ಲುತ್ತದೆ. ಅದರೆದುರಿಗೆ ಒಂದು ಕೈ ಎತ್ತಿ ನಿಂತ ಸಣಕಲು ಮುದುಕ. ಅವರ ಬೆನ್ನ ಹಿಂದೆ ನೀಲಿ ಯೂನಿಫಾರ್ಮಿನ ಚಿಳ್ಳೆಪಿಳ್ಳೆಗಳು ನೀರಿನ ಬಾಟಲಿ ಎಳೆದುಕೊಂಡು ರಸ್ತೆ ದಾಟುತ್ತವೆ.

ಆ ಮುದುಕರ ಹೆಸರು ಚಿನ್ನಸ್ವಾಮಿ. ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಮನೆ ಗೇಟಿನ ಎದುರಿಗೇ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅವರು ಹೀಗೆ ನಿಲ್ಲುತ್ತಿದ್ದರು. ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಸಂಬಳವೂ ಇಲ್ಲ, ಸೀಟಿಯೂ ಇಲ್ಲ.

ಈಗ ಅವರ ಮಂಡಿ ಸವೆದಿದೆ. ಮಾರ್ಚ್ ಕಳೆದರೆ ಗಂಡ ಹೆಂಡತಿ ಇಬ್ಬರೂ ಈರೋಡಿನ ಕಡೆ ಮಗಳ ಊರಿಗೆ ಹೊರಡುವವರು. ಆಮೇಲೆ ಆ ಮಕ್ಕಳನ್ನು ದಾಟಿಸುವವರು ಯಾರು? ಗೇಟಿನ ಎರಡೂ ಕಡೆ ಹಂಪ್ ಹಾಕಿಸಿ ಎಂದು ಸ್ಕೂಲಿನವರು ಎರಡು ಸಲ ಅರ್ಜಿ ಕೊಟ್ಟಿದ್ದರಂತೆ. ಅರ್ಜಿಗಳ ಗತಿ ನಿಮಗೆ ನಾನು ಹೇಳಬೇಕೆ?

ಇಷ್ಟರಲ್ಲಿ ಪೂರ್ವಿಯ ಫೋನ್ ಬಂತು. ಪೂರ್ವಿ ಎಂದರೆ ಮೊಮ್ಮಗಳು, ಒಂಬತ್ತನೇ ಕ್ಲಾಸು.

"ಅಜ್ಜಿ, ಪರ್ಸ್ವೇಸಿವ್ ಇಂಟರ್‌ವ್ಯೂ ವಿಡಿಯೋ ಮಾಡ್ಬೇಕು. ಮೂರೇ ನಿಮಿಷ. ಬೆಸ್ಟ್ ಬಂದಿದ್ದು ಎರಡು ಸ್ಕೂಲ್ ಡೇಲಿ ಹಾಕ್ತಾರೆ. ನಾನೂ ಸಾನಿಯಾನೂ ಚಿನ್ನಸ್ವಾಮಿ ತಾತನ್ನ ತಗೊಂಡಿದೀವಿ. ಚೀಫ್ ಗೆಸ್ಟ್ ಯಾರು ಗೊತ್ತಾ? ರಸ್ತೆ ಇಂಜಿನಿಯರ್!"

"ಅದಕ್ಕೆ ನಾನೇನ್ ಮಾಡ್ಲಿ ಮಾರಾಯ್ತಿ?"

"ನೀನು ಪೇಪರಿಗೆ ಬರೀತೀಯಲ್ಲ, ಕ್ವೆಶ್ಚನ್ಸ್ ಬರ್ಕೊಡು. ಮತ್ತೆ ಒಂದು ಕಪ್ಪು ಬೆಡ್‌ಶೀಟ್ ತಗೊಂಡ್ ಬಾ."

ನಾನು ರವೀಂದ್ರನಗರದವಳು, ಶನಿವಾರ ಬಂದರೆ ಮಗಳ ಮನೆಗೆಂದು ಭದ್ರಾವತಿ ಬಸ್ಸು ಹತ್ತುವವಳು ಎಂದು ಹಳೆಯ ಓದುಗರಿಗೆ ಗೊತ್ತು. ಕಪ್ಪು ಬೆಡ್‌ಶೀಟ್ ಮಾತ್ರ ನಮ್ಮ ಮನೆಯಲ್ಲಿರಲಿಲ್ಲ. (ಇರುವ ಮನೆಯೂ ನನಗೆ ಗೊತ್ತಿಲ್ಲ.) ಗಾಂಧಿ ಬಜಾರಿನಲ್ಲಿ ಅಂಗಡಿಯವನು, "ಕಪ್ಪು ಯಾಕಮ್ಮ, ಮೆರೂನ್ ತಗೊಳಿ, ಕೊಳೆ ಕಾಣಲ್ಲ" ಎಂದ. ಮೆರೂನೇ ತಗೊಂಡೆ.

ಬಸ್ಸಿಳಿದು ಮಗಳ ಮನೆಗೆ ಹೋದರೆ ಡೈನಿಂಗ್ ಟೇಬಲ್ಲಿನ ಮೇಲೆ ಟೀಚರ್ ಕೊಟ್ಟ ಹ್ಯಾಂಡ್‌ಔಟ್ ಹರಡಿತ್ತು. ಕ್ಯಾಮೆರಾ ಕೆಳಗಿಟ್ಟರೆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ, ಮೇಲಿಟ್ಟರೆ ಚಿಕ್ಕವನಾಗುತ್ತಾನೆ. ಮುಖದ ಹತ್ತಿರ ಹೋದರೆ ಎಮೋಷನ್. ಒಂದೇ ಪಕ್ಕದಿಂದ ಬೆಳಕು ಬಿಟ್ಟರೆ ಡ್ರಾಮಾ. ಹುಡುಗಿಯರು ಎಲ್ಲಕ್ಕೂ ಹೈಲೈಟರ್ ಹೊಡೆದಿದ್ದರು.

"ಕ್ಯಾಮೆರಾ ಮೇಲೆ, ಲೈಟು ಸೈಡಿಗೆ, ಫುಲ್ ಕ್ಲೋಸಪ್," ಎಂದಳು ಪೂರ್ವಿಯ ಕ್ಲಾಸಿನ ಸಾನಿಯಾ. ಅವಳದು ಕ್ಯಾಮೆರಾ ಡಿಪಾರ್ಟ್‌ಮೆಂಟು, ಅಂದರೆ ಅವಳಣ್ಣನ ಫೋನು. "ರಿಂಕಲ್ಸ್ ಚೆನ್ನಾಗ್ ಬರುತ್ತೆ ಅಜ್ಜಿ."

"ರಿಂಕಲ್ಸ್ ಯಾಕೆ?"

"ನೋಡಿದ ತಕ್ಷಣ ಪಾಪ ಅನ್ನಿಸ್ಬೇಕು," ಎಂದಳು ಪೂರ್ವಿ. "ಪಾಪ ಅನ್ನಿಸಿದ್ರೆ ಹಂಪ್ ಹಾಕ್ತಾರೆ."

ಲಾಜಿಕ್ ತಪ್ಪೆನ್ನಲು ನನಗೆ ಧೈರ್ಯ ಬರಲಿಲ್ಲ. ಈ ದೇಶದಲ್ಲಿ ಎಷ್ಟೋ ಕೆಲಸ ಹಾಗೇ ಆಗಿದೆಯಲ್ಲವೆ?

ಮಧ್ಯಾಹ್ನ ಚಿನ್ನಸ್ವಾಮಿಯವರ ಮನೆಗೆ ಹೋದೆವು. ಅವರು ತಮ್ಮ ರಿಟೈರ್‌ಮೆಂಟ್ ದಿನದ ಬೂದು ಸಫಾರಿ ಸೂಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಣೆಗೆ ವಿಭೂತಿ ಇಟ್ಟು ತಯಾರಾಗಿ ಕುಳಿತಿದ್ದರು. ಪೂರ್ವಿಯ ಮುಖ ಸಪ್ಪಗಾಯಿತು. "ಹಳೇ ಶರ್ಟ್ ಇಲ್ವಾ ತಾತ?" ಎಂದಳು. ಅವರು ಹೆಮ್ಮೆಯಿಂದ ಕಾಲರ್ ಸವರಿಕೊಂಡರು.

ಹುಡುಗಿಯರು ಕಿಟಕಿಗೆ ನನ್ನ ಹೊಸ ಮೆರೂನ್ ಬೆಡ್‌ಶೀಟ್ ಕಟ್ಟಿದರು. ಬಾಗಿಲು ಹಾಕಿದರು. ಮಗಳ ಮನೆಯ ಟೇಬಲ್ ಲ್ಯಾಂಪು ತಾತನ ಎಡಗೆನ್ನೆಗೆ. ಸಾನಿಯಾ ಸ್ಟೂಲಿನ ಮೇಲೆ. ಪೂರ್ವಿ ಲ್ಯಾಂಪಿನ ಹಿಂದೆ, ಕತ್ತಲಲ್ಲಿ, ನನ್ನ ಪ್ರಶ್ನೆಗಳ ಚೀಟಿ ಹಿಡಿದು. ಚಿನ್ನಸ್ವಾಮಿಯವರು ಮಾತಿಲ್ಲದೆ ಏನೋ ಕೇಳುವವರಂತೆ ಕೈಯಾಡಿಸುತ್ತಿದ್ದರು. ಲ್ಯಾಂಪಿನ ಬೆಳಕಿಗೆ ಆ ಕೈಗಳ ನೆರಳು ಗೋಡೆಯ ಮೇಲೆಲ್ಲ ಹಾರಾಡಿತು.

ಆಗ ನಾನು ಬಾಯಿ ಹಾಕಿದೆ. ಕಾನ್ವೆಂಟಿನಲ್ಲಿ ಭಾಷಣ ಕಲಿಸುತ್ತಿದ್ದ ನಮ್ಮ ಎಲೊಕ್ಯೂಷನ್ ಸಿಸ್ಟರ್ ಹೇಳಿಕೊಟ್ಟ ಮೊದಲ ಪಾಠವೇ ಅದು: ಹ್ಯಾಂಡ್ಸ್ ಸ್ಟಿಲ್, ಗರ್ಲ್ಸ್. ಕೈಯಾಡಿಸಿ ಮಾತಾಡುವುದು ಸಂತೆಯಲ್ಲಿ, ಸ್ಟೇಜಿನ ಮೇಲಲ್ಲ. ಅರವತ್ತು ವರ್ಷದ ಹಿಂದಿನ ಆ ಪಾಠವನ್ನು ನಾನು ಎದ್ದು ಹೋಗಿ ಚಿನ್ನಸ್ವಾಮಿಯವರಿಗೆ ದಾಟಿಸಿದೆ. ಅವರ ಎರಡೂ ಕೈಗಳನ್ನು ಹಿಡಿದು ತೊಡೆಯ ಮೇಲೆ ಜೋಡಿಸಿಟ್ಟು, "ಹೀಗಿರ್ಲಿ, ಡಿಗ್ನಿಫೈಡ್ ಆಗಿ ಕಾಣುತ್ತೆ" ಎಂದೆ. ಅವರು ತಲೆಯಾಡಿಸಿದರು.

"ತಾತ, ನೀವು ಯಾಕೆ ಈ ಕೆಲಸ ಶುರು ಮಾಡಿದ್ರಿ?"

ಅವರು ಲ್ಯಾಂಪಿನ ಕಡೆ ಕತ್ತು ಚಾಚಿದರು.

"ತಾತ, ನೀವು ಯಾಕೆ..."

ಅವರ ಕಣ್ಣು ಕತ್ತಲಲ್ಲಿ ಏನನ್ನೋ ಹುಡುಕುತ್ತಿತ್ತು. ಹೊರಗೆ ಲಾರಿಯೊಂದು ಹೋಯಿತು. ಐದನೇ ಟೇಕಿಗೆ ಅವರ ಹಣೆಯಲ್ಲಿ ಬೆವರು. "ತಾತ ನರ್ವಸ್ ಆಗ್ಬಿಟ್ರು" ಎಂದು ಸಾನಿಯಾ ಪಿಸುಗುಟ್ಟಿದಳು. ಪೂರ್ವಿಗೆ ಅಳು ಬರುವುದೊಂದೇ ಬಾಕಿ. ಸೋಮವಾರವೇ ವಿಡಿಯೋ ಕೊಡಬೇಕಿತ್ತು.

ಅಷ್ಟರಲ್ಲಿ ಅವರ ಹೆಂಡತಿ ವಳ್ಳಿಯಮ್ಮ ಕಾಫಿ ತಂದವರು ಬಾಗಿಲು ದೂಡಿ ಒಳಗೆ ಬಂದು, ನೋಡಿ, ತಟ್ಟೆ ಅಲುಗುವಷ್ಟು ನಕ್ಕರು.

"ಅಯ್ಯೋ ಕಡವುಳೇ! ಇದೇನ್ ಮಾ, ಕತ್ತಲಲ್ಲಿ ಕೂತ್ಕೊಂಡು ಇವರ ಹತ್ರ ಮಾತಾಡ್ತಾ ಇದೀರಾ? ಇವರಿಗೆ ಕಿವಿ ಎಲ್ಲಿದೆ?"

ನಾವು ಮೂವರೂ ಅವರ ಮುಖ ನೋಡಿದೆವು.

"ವಯಸ್ಸಾಯ್ತಲ್ಲ ಮಾ, ಹತ್ತು ವರ್ಷ ಆಯ್ತು ಕೇಳ್ಸಲ್ಲ. ತುಟಿ ನೋಡಿ ತಿಳ್ಕೋತಾರೆ. ಅಡಿಗೆ ಮನೇಲಿ ನಿಂತು ನಾನು ಬೈದಿದ್ದೆಲ್ಲ ವೇಸ್ಟು! ಎದುರಿಗೆ ಬಂದು, ಲೈಟ್ ಹಾಕಿ ಬೈಬೇಕು."

ಅವರೇ ಹೋಗಿ ಬೆಡ್‌ಶೀಟ್ ಎಳೆದು ಹಾಕಿದರು. ಕಿಟಕಿಯ ಬಿಸಿಲು ನೇರವಾಗಿ ಬಂದು ಪೂರ್ವಿಯ ಮುಖದ ಮೇಲೆ ಬಿತ್ತು. ಚಿನ್ನಸ್ವಾಮಿಯವರ ಹಣೆಯ ಗಂಟು ಸಡಿಲಾಯಿತು. "ಈಗ ಕೇಳು ಕಣ್ಣು" ಎಂದರು, ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟು ಹೊತ್ತು ನಾವು ಮಾಡಿದ್ದೇನು? ಉತ್ತರ ಹೇಳುವವರ ಮೇಲೆ ದೀಪ ಬಿಟ್ಟು, ಪ್ರಶ್ನೆ ಕೇಳುವವರನ್ನು ಕತ್ತಲಲ್ಲಿ ಬಚ್ಚಿಟ್ಟಿದ್ದು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹೀಗೇ ಆಗಿತ್ತು. ನನ್ನ ಮುಖಕ್ಕೆ ಬೆಳಕು ಬೀಳಲಿ ಎಂದು ಕಿಟಕಿಯೆದುರು ಕೂರಿಸಿದ್ದರು. ಅವರೆಲ್ಲ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಹಾಡು ಬರುತ್ತಾ, ಅಡಿಗೆ ಬರುತ್ತಾ ಎಂದು ಕೇಳಿದ್ದು ನಾಲ್ಕು ಕಪ್ಪು ಆಕಾರಗಳು. ಕಾನ್ವೆಂಟಿನಲ್ಲಿ ಭಾಷಣಕ್ಕೆ ಕಪ್‌ಗಳ ಮೇಲೆ ಕಪ್ ಗೆದ್ದ ಹುಡುಗಿಗೆ ಆ ದಿನ ಬಾಯೇ ಬರಲಿಲ್ಲ. ಹುಡುಗಿ ಮಿತಭಾಷಿ ಎಂದು ಒಪ್ಪಿಕೊಂಡರು! ಅತ್ತೆಯ ಮುಖವನ್ನು ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆ. ತುಂಬಾ ಮೃದು ಮುಖ. ಮೊದಲೇ ಕಂಡಿದ್ದರೆ ಅವತ್ತು ಎರಡು ಮಾತು ಹೆಚ್ಚು ಆಡುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ.

ಇರಲಿ. ಇನ್ನೊಂದು ತಪ್ಪು ಉಳಿದಿತ್ತು, ಅದು ನನ್ನದು.

ಕಾರ್ಖಾನೆಯಲ್ಲಿ ನಿಮ್ಮ ಕೆಲಸ ಏನು ಎಂದು ಪೂರ್ವಿ ಕೇಳಿದಳು. ಅವರು ತೊಡೆಯ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡು, ನನ್ನ ಕಡೆ ತಿರುಗಿ, "ತೆಗೀಬಹುದಾ ಮೇಡಂ?" ಎಂದರು. ಪರ್ಮಿಷನ್ ಕೇಳಿದರು, ನೋಡಿ! ನನಗೆ ನೆಲ ಬಿರಿಯಬಾರದೇ ಎನಿಸಿತು.

ಅವರು ಕ್ರೇನಿನ ಖಲಾಸಿಯಾಗಿದ್ದವರು. ಮೇಲೆ ಕ್ಯಾಬಿನ್ನಿನಲ್ಲಿ ಆಪರೇಟರ್ ಕೂತಿರುತ್ತಾನೆ, ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೆಳಗೆ ನಿಂತ ಖಲಾಸಿ ಕೈಯಲ್ಲೇ ಹೇಳಬೇಕು: ಎತ್ತು, ಇಳಿಸು, ಒಂದು ಬೆರಳಷ್ಟು ಎಡಕ್ಕೆ, ನಿಲ್ಲು. ಟನ್‌ಗಟ್ಟಲೆ ಕಬ್ಬಿಣವನ್ನು ಬೆರಳಿನಲ್ಲಿ ನಡೆಸಿದ ಆ ಕೈಗಳನ್ನು ಕಟ್ಟಿಹಾಕಿ ನಾನು ಡಿಗ್ನಿಟಿ ಹುಡುಕಿದ್ದೆ.

ಅವರ ಕೈ ಎದ್ದಿತು. ಸಾನಿಯಾಳ ಕ್ಲೋಸಪ್ಪಿನಲ್ಲಿ ಮುಖ ಮಾತ್ರ ಇತ್ತು, ಅರ್ಧ ಮಾತು ಫ್ರೇಮಿನ ಹೊರಗೆ ಹೋಯಿತು. ಅವಳು ಸ್ಟೂಲಿನಿಂದ ಧಡಕ್ಕನೆ ಇಳಿದಳು. "ಹಿಂದೆ ಹೋಗ್ಬೇಕು ಕಣೇ. ಸೊಂಟದವರೆಗೂ ಬೇಕು. ತಾತ ಕೈಯಲ್ಲಿ ಮಾತಾಡ್ತಾರೆ!" ಹ್ಯಾಂಡ್‌ಔಟಿನಲ್ಲಿ ಅದಕ್ಕೆ ಮಿಡ್ ಶಾಟ್ ಎಂಬ ಹೆಸರಿತ್ತು. ಹೈಲೈಟರ್ ಬಿದ್ದಿರಲಿಲ್ಲ.

ಆದರೆ ಆ ಹೊತ್ತಿಗೆ ಕೋಣೆಯ ಬಿಸಿಲು ಜಾರಿತ್ತು. ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರವೇ ತೆಗೆಯುವುದೆಂದಾಯಿತು. ನಾನೂ ಉಳಿದುಕೊಂಡೆ.

ಮಕ್ಕಳೆಲ್ಲ ದಾಟಿ ಮುಗಿದ ಮೇಲೆ ಪೂರ್ವಿ ಮತ್ತು ಚಿನ್ನಸ್ವಾಮಿ ಎದುರುಬದುರು ನಿಂತರು, ಎಳೆಬಿಸಿಲು ಇಬ್ಬರ ಮುಖಕ್ಕೂ ಬೀಳುವ ಹಾಗೆ. ಲ್ಯಾಂಪಿಲ್ಲ, ಬೆಡ್‌ಶೀಟಿಲ್ಲ. ಯಾಕೆ ಶುರು ಮಾಡಿದಿರಿ ಎಂಬ ಅದೇ ಪ್ರಶ್ನೆ.

"ಒಂದು ಮಗು ಓಡ್ತಾ ಚಪ್ಲಿ ಬಿಟ್ಬಿಡ್ತು ಕಣ್ಣು. ಇಲ್ಲೇ. ಚಪ್ಲಿ ಮೇಲೆ ಲಾರಿ ಹೋಯ್ತು. ಮಗು ಚಪ್ಲಿ ಹೋಯ್ತು ಅಂತ ಅಳ್ತಾ ಇತ್ತು. ನಾನೂ ಅತ್ತೆ. ಚಪ್ಲಿಗಲ್ಲ."

ಪೂರ್ವಿ ಚೀಟಿಯ ಮುಂದಿನ ಪ್ರಶ್ನೆ ಕೇಳಲಿಲ್ಲ. (ನಾನು ಬರೆದುಕೊಟ್ಟಿದ್ದು ಹನ್ನೊಂದು ಪ್ರಶ್ನೆ. ಬಳಸಿದ್ದು ಎರಡು.)

"ಡ್ರೈವರ್ ಕೆಟ್ಟೋನಲ್ಲ," ಎಂದು ಅವರೇ ಮುಂದುವರಿಸಿದರು. "ಅವನಿಗೂ ಮಕ್ಕಳಿರುತ್ತೆ. ಅವನು ಮೇಲೆ ಕೂತಿರ್ತಾನೆ, ಮಗು ಕಾಣ್ಸಲ್ಲ. ನಾನು ಕಾಣ್ತೀನಿ, ಅದಕ್ಕೆ ನಿಲ್ತಾನೆ. ಮಾರ್ಚ್ ಆದ್ಮೇಲೆ ನಾನಿಲ್ಲ. ಅವನಿಗೆ ಏನು ಕಾಣುತ್ತೆ? ಹೇಳು."

ಆಮೇಲೆ ಅವರು ಸಾನಿಯಾಳತ್ತ ತಿರುಗಿ ಅಂಗೈ ಕೆಳಗೆ ಮಾಡಿ ಸನ್ನೆ ತೋರಿಸಿದರು. ಇಳಿಸು. ಅವಳು ಫೋನನ್ನು ಎದೆಯ ಮಟ್ಟಕ್ಕೆ ತಂದಳು. ಇನ್ನೂ ಇಳಿಸು. ಸೊಂಟಕ್ಕೆ. ಇನ್ನೂ. ಅವಳು ರಸ್ತೆ ಬದಿಯಲ್ಲಿ ಮಂಡಿಯೂರಿ ಕೂತಳು. ನಿಲ್ಲು. ಒಂದನೇ ಕ್ಲಾಸಿನ ಮಗುವಿನ ಕಣ್ಣಿನ ಎತ್ತರ ಅದು. ಅಲ್ಲಿಂದ ರಸ್ತೆ ನೋಡಿದರೆ ರಸ್ತೆಯೇ ಕಾಣುವುದಿಲ್ಲ. ಬರುವ ಲಾರಿಯ ಚಕ್ರ ಮಾತ್ರ ದೊಡ್ಡದಾಗುತ್ತ, ದೊಡ್ಡದಾಗುತ್ತ, ಫೋನಿನ ತುಂಬ ತುಂಬಿಕೊಂಡಿತು.

"ಅಮ್ಮಾ" ಎಂದು ಸಾನಿಯಾ ಹಿಂದಕ್ಕೆ ಸರಿದಳು. ಆ ದನಿಯೂ ರೆಕಾರ್ಡ್ ಆಗಿದೆ. ತೆಗೆಯಬೇಡಿ ಎಂದೆ. ಆ ಇಡೀ ವಿಡಿಯೋಗೆ ನನ್ನ ಕಾಂಟ್ರಿಬ್ಯೂಷನ್ ಅಷ್ಟೇ.

ಸ್ಕೂಲ್ ಡೇಯಲ್ಲಿ ನಮಗೆ ಬಂದಿದ್ದು ಸೆಕೆಂಡ್ ಪ್ರೈಜು. ಫಸ್ಟ್ ಹೋಗಿದ್ದು ಪ್ಲಾಸ್ಟಿಕ್ ಕಸದ ಮೇಲೆ ಮಾಡಿದ, ಡ್ರೋನ್ ಶಾಟ್ ಇದ್ದ ವಿಡಿಯೋಗೆ. ಪೂರ್ವಿ ಉಗುರು ಕಚ್ಚುತ್ತಿದ್ದಳು. ನಾನು ಮುಂದಿನ ಸಾಲಿನ ಇಂಜಿನಿಯರನ್ನೇ ನೋಡುತ್ತಿದ್ದೆ. ಚಕ್ರ ಸ್ಕ್ರೀನ್ ತುಂಬಿದಾಗ ಆ ಮನುಷ್ಯ ಕುರ್ಚಿಯಲ್ಲಿ ಕಾಲು ಹಿಂದಕ್ಕೆಳೆದುಕೊಂಡರು. ಭಾಷಣಕ್ಕೆ ನಿಂತವರು ಬರೆದು ತಂದಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಆ ತಾತ ಬಂದಿದಾರಾ?" ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಸಫಾರಿ ಸೂಟು ಎದ್ದು ನಿಂತಿತು. ಅಷ್ಟು ದೂರದಿಂದ ತುಟಿ ಕಾಣದು. ವಳ್ಳಿಯಮ್ಮ ಮೊಣಕೈಯಲ್ಲಿ ತಿವಿದು ಎಬ್ಬಿಸಿದ್ದರು.

"ಒಂದು ವಾರದಲ್ಲಿ ಮಾಡಿಸ್ತೀನಿ" ಎಂದರು ಇಂಜಿನಿಯರ್. ಸ್ಟೇಜಿನ ಮಾತು, ನಾನು ನಂಬಲಿಲ್ಲ. ವಾರದಲ್ಲಿ ಆಗಲೂ ಇಲ್ಲ. ಏಳನೇ ವಾರಕ್ಕೆ ಆಯಿತು. ಗೇಟಿನ ಆ ಕಡೆಗೊಂದು, ಈ ಕಡೆಗೊಂದು ಹಂಪು, ಮೇಲೆ ಬಿಳಿ ಪಟ್ಟಿ, ಪಕ್ಕದಲ್ಲಿ ಮಕ್ಕಳ ಚಿತ್ರದ ಬೋರ್ಡು. ಬಿಳಿ ಪಟ್ಟಿ ಸೊಟ್ಟಗಿದೆ ಎಂದು ಚಿನ್ನಸ್ವಾಮಿಯವರು ಪೇಂಟಿನವನನ್ನು ಎರಡು ದಿನ ಕಾಡಿದರಂತೆ. ಅದೇ ವಾರವೂ, ಅದರ ಮರುವಾರವೂ ಅವರು ಗೇಟಿನಲ್ಲಿ ನಿಂತೇ ಇದ್ದರು. ಹಂಪಿನ ಮೇಲೆ ಅಷ್ಟು ಬೇಗ ನಂಬಿಕೆ ಇಡುವ ಮನುಷ್ಯರಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅವರು ಈರೋಡಿಗೆ ಹೊರಡುವುದಕ್ಕೆ ಎರಡು ದಿನ ಮುಂಚೆ, ಒಂದು ಶನಿವಾರ. ಸ್ಕೂಲು ಬಿಟ್ಟಿತ್ತು. ಲಾರಿಗಳು ನಿಧಾನವಾಗಿ ಹಂಪು ಹತ್ತಿ ಇಳಿಯುತ್ತಿದ್ದವು, ಮಕ್ಕಳು ದಾಟುತ್ತಿದ್ದರು. ಗೇಟಿನಲ್ಲಿ ಅವರಿರಲಿಲ್ಲ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಮಂಡಿ ಚಾಚಿ ಕುಳಿತು, ಸಾಸರಿಗೆ ಸುರಿದುಕೊಂಡು ಟೀ ಕುಡಿಯುತ್ತಿದ್ದರು. ರಸ್ತೆಗೆ ಬೆನ್ನು ಹಾಕಿಕೊಂಡು.

ನಾನು ಕರೆಯಲಿಲ್ಲ. ಕರೆದರೆ ಅವರಿಗೆ ಕೇಳಿಸುವುದಿಲ್ಲ, ಎದುರಿಗೆ ಹೋದರೆ ಎದ್ದು ನಿಲ್ಲುತ್ತಾರೆ. ಇಷ್ಟು ವರ್ಷ ನಿಂತವರನ್ನು ಮತ್ತೆ ಯಾಕೆ ಎಬ್ಬಿಸಬೇಕು?