ಅಳಿಯನ ಬೈಕು, ಅತ್ತೆಯ ವಿಳಾಸ

ನನ್ನ ಅಕ್ಷರ ಸೊಟ್ಟ, ಮಾತೂ ಒರಟು, ಕ್ಷಮಿಸಿ. ಹಿರೀಸಾವೆಯ ಕಿರಣ್‌ಕುಮಾರ್ ನನ್ನ ಚಿಕ್ಕಮ್ಮನ ಗಂಡ. ಚನ್ನರಾಯಪಟ್ಟಣದಲ್ಲಿ ನೋ ಪಾರ್ಕಿಂಗ್ ಬೋರ್ಡಿನ ಕೆಳಗೇ ಬೈಕು ನಿಲ್ಲಿಸುವುದನ್ನು ಗಂಡಸುತನ ಅಂದುಕೊಂಡವರು. ಆ ಬೈಕು ಮದುವೆಯಲ್ಲಿ ಅಜ್ಜಿ ಕೊಟ್ಟಿದ್ದು. ಅದರ ದಾಖಲೆಯಲ್ಲಿ ಇಂದಿಗೂ ಇರುವುದು ಅಜ್ಜಿಯೂ ನಾನೂ ಇರುವ ನುಗ್ಗೇಹಳ್ಳಿ ಮನೆಯ ವಿಳಾಸ. ದಂಡದ ನೋಟಿಸೆಲ್ಲ ಇಲ್ಲಿಗೇ ಬರುತ್ತವೆ.

ಅಳಿಯನ ಎದುರು ನಿಂತು ಮಾತಾಡುವುದು ಅಜ್ಜಿಗೆ ಪದ್ಧತಿಯಲ್ಲ. ನಾನೇ ಫೋನು ಮಾಡಿ, “ವಿಳಾಸ ಬದಲಾಯಿಸ್ಕಳಿ ಚಿಕ್ಕಪ್ಪ” ಅಂದೆ.

“ನೋಟಿಸು ಒಲೆ ಅಚ್ಚಕ್ಕಾಯ್ತದೆ, ಇಟ್ಕಳಮ್ಮಿ” ಎಂದು ನಕ್ಕರು.

ನಿನ್ನೆ ಪೊಲೀಸರೇ ಬಂದರು. ಬಾಗಿಲ ಹಿಂದೆ ನಿಂತ ಅಜ್ಜಿ, “ನಮ್ಮಳಿಯಂದ್ರು ಒಳ್ಳೇರು ಸಾ, ತಪ್ಪು ನಂದೇಯ” ಅಂದಳು. ಅಂಥವರಿಗೆ ಇಂಥ ಅತ್ತೆ!

ನಾಳೆ ಠಾಣೆಗೆ ಹೋಗಿ, ಅವರ ಹಿರೀಸಾವೆ ಮನೆಯ ವಿಳಾಸ ಬರೆದುಕೊಟ್ಟು ಬರುತ್ತೇನೆ.