ಕುದುರೆ ಇಳಿದವನ ಮಾತು

ಕುದುರೆ ಸಿನಿಮಾಕ್ಕೆ ಅರ್ಥ ಹೇಳುವವರು ಬೇಡ. ಧೂಳು, ಟೋಪಿ, ಪಿಸ್ತೂಲು, ಅಷ್ಟು ಸಾಕು. ಹಾಗಾಗಿ ಅಣ್ಣನಿಗೆ ಒಬ್ಬ ಅಮೆರಿಕದ ನಟನ ಹಳೆಯ ಸಿನಿಮಾಗಳೆಂದರೆ ಪ್ರಾಣ. ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಕೊಲ್ಲಿ ದೇಶದಲ್ಲಿ, ಶುವೈಖ್‌ನ ಕೋಣೆಯಲ್ಲಿ ನನ್ನ ಎದುರಿನ ಮಂಚದವರು, ನಮ್ಮ ಕಂಪನಿಯ ಟ್ರೈಲರ್ ಓಡಿಸುತ್ತಿದ್ದವರು. ನಾನು ಅದೇ ಕಂಪನಿಯ ಟಯರ್ ಸ್ಟೋರಿನಲ್ಲಿದ್ದೆ. ಅವರು ಐದನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರು, ನಾನು ಹೈಸ್ಕೂಲು ಮುಗಿಸಿದ್ದೆ. ಆಸ್ಪತ್ರೆಯ ಚೀಟಿ, ಫೋನಿಗೆ ಬರುವ ಮೆಸೇಜು, ಎಲ್ಲವನ್ನೂ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಅದಕ್ಕೇ ಅವರು ನನ್ನನ್ನು ‘ಮಾಷ್ಟ್ರೇ’ ಎಂದು ಕರೆಯುತ್ತಿದ್ದರು. ನಾನು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡಿದವರಲ್ಲ.

ಆ ವರ್ಷ ಅಣ್ಣನ ಕಣ್ಣಿಗೆ ಹೆದ್ದಾರಿಯ ಬೆಳಕು ತಡೆಯದಾಯಿತು. ನಮ್ಮ ಮುದೀರ್, ಅಂದರೆ ಈಜಿಪ್ಟಿನ ಮ್ಯಾನೇಜರು, ಅವರನ್ನು ಕರೆದು ಯಾರ್ಡಿನ ಕ್ಯಾಬಿನ್ನಿನಲ್ಲಿ ಕೂತುಕೊಳ್ಳಲು ಹೇಳಿದರು. ಪರದೆಯ ಮೇಲೆ ಗಾಡಿಗಳು ಚುಕ್ಕೆಗಳಾಗಿ ಓಡುತ್ತವೆ. ಯಾವ ಗೋದಾಮಿಗೆ ಯಾವ ದಾರಿ ಎಂದು ಹೊಸ ಡ್ರೈವರುಗಳಿಗೆ ಫೋನಿನಲ್ಲಿ ಹೇಳಬೇಕು. ಒಪ್ಪಿದರೆ ಇಲ್ಲಿ ಇರಲು ಬೇಕಾದ ಇಕಾಮಾ ಮುಂದುವರಿಯುತ್ತದೆ, ಇಲ್ಲವಾದರೆ ಊರಿಗೆ ಹೊರಡಬೇಕು.

ಅಣ್ಣನಿಗೆ ಹೆದರಿಕೆ. “ಗಾಡಿ ಅಂದ್ರೆ ಕೈಯಲ್ಲಿ ಇರ್ಬೇಕು ಮಾಷ್ಟ್ರೇ. ಇದೆಂತ ಚುಕ್ಕೆ ಓಡಿಸುವ ಕೆಲಸ? ಈ ಪ್ರಾಯದಲ್ಲಿ ಹೊಸ ವೇಷ ಹಾಕಿದ್ರೆ ಜನ ನಗ್ಲಿಕ್ಕಿಲ್ವಾ?”

ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಟಯರ್ ಸ್ಟೋರು ಮುಚ್ಚುವುದರಲ್ಲಿತ್ತು. ಅವರು ಬೇಡವೆಂದರೆ ಆ ಕುರ್ಚಿ ನಿನಗೆ ಎಂದು ಮುದೀರ್ ನನ್ನ ಕಿವಿಯಲ್ಲಿ ಹೇಳಿದ್ದರು.

ಭಾನುವಾರ ಉತ್ತರ ಕೊಡಬೇಕಿತ್ತು. ಶುಕ್ರವಾರ ಮಧ್ಯಾಹ್ನ ಬಂಗುಡೆ ಸಾರಿನ ಊಟ ಮುಗಿಸಿ ಟಿವಿಗೆ ಮೊಬೈಲು ಜೋಡಿಸಿದೆವು. ಅದೇ ನಟನ ಸಿನಿಮಾ, ಆದರೆ ನಾವು ನೋಡಿರದ್ದು. ಎಪ್ಪತ್ತರ ದಶಕದ್ದು. ಕುದುರೆಯಿಲ್ಲ. ಮುದುಕನಾದ ಮೇಲೆ ಆತ ಪಟ್ಟಣದ ಪೊಲೀಸಾಗಿದ್ದ. ಕೊಳಕು ಓಣಿ, ಮಳೆ, ಕಾರು. ಹೊಟ್ಟೆ ಬಂದಿತ್ತು, ಕೂದಲು ಸ್ವಂತದ್ದಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡ.

“ಅಯ್ಯೋ, ಇವನಿಗೂ ಪ್ರಾಯ ಆಯ್ತಲ್ಲ ಮಾರಾಯ್ರೆ!” ಎಂದು ಅಣ್ಣ ನಕ್ಕರು. “ಕುದುರೆಯನ್ನು ಯಾರಿಗೆ ಮಾರಿದನಂತೆ?”

“ಗುಜರಿಗೆ ಹಾಕಿರ್ಬೇಕು,” ಎಂದೆ.

ಅವರು ಬಹಳ ನಕ್ಕರು. ಆಮೇಲೆ ಮುಂದಕ್ಕೆ ಬಾಗಿ ಕೂತರು. ಸಿನಿಮಾ ತುಂಬ ಮಾತೇ ಮಾತು. ಪ್ರತಿ ಸಲ ಯಾರಾದರೂ ಬಾಯಿ ಬಿಟ್ಟಾಗ ಅಣ್ಣ ನನ್ನ ಮುಖ ನೋಡುತ್ತಿದ್ದರು.

ಒಂದು ಕಡೆ ಮೇಲಧಿಕಾರಿ ಮುದುಕನನ್ನು ಎದುರು ಕೂರಿಸಿಕೊಂಡು ಮಾತಾಡುತ್ತಾನೆ. ಓಡುವ ಹುಡುಗರು ನನ್ನ ಹತ್ತಿರ ಬೇಕಾದಷ್ಟಿದ್ದಾರೆ, ಈ ಊರಿನ ಬೀದಿ ಬಲ್ಲವನು ನೀನೊಬ್ಬನೇ, ಬಿಟ್ಟು ಹೋಗಬೇಡ ಎನ್ನುತ್ತಾನೆ. ನನಗೆ ಅಷ್ಟೂ ಅರ್ಥವಾಗಿತ್ತು. ಅಂಥ ಕಷ್ಟದ ಇಂಗ್ಲಿಷೇನೂ ಅಲ್ಲ.

“ಎಂತ ಹೇಳಿದ ಅವನು?” ಅಣ್ಣ ಕೇಳಿದರು.

“ನಿನಗೆ ಪ್ರಾಯ ಆಯ್ತು, ಹುಡುಗರು ನಿನ್ನನ್ನು ನೋಡಿ ನಗ್ತಾರೆ, ಮರ್ಯಾದೆಯಲ್ಲಿ ಮನೆಗೆ ಹೋಗು ಅಂತಾನೆ.”

ಬಾಯಿಂದ ಬಂದೇ ಬಿಟ್ಟಿತು. ಮೊದಲೇ ಯೋಚಿಸಿದ್ದೆನೆಂದು ಹೇಳಲಾರೆ, ಯೋಚಿಸಿರಲಿಲ್ಲ ಎಂದೂ ಹೇಳಲಾರೆ. ಪರದೆಯ ಮೇಲೆ ಆ ಮುದುಕ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದ. ನನ್ನ ಸುಳ್ಳಿಗೆ ಆ ಮುಖವೂ ಸರಿಹೊಂದಿತು.

“ಸ್ವಲ್ಪ ನಿಲ್ಲಿಸಿ ಮಾಷ್ಟ್ರೇ,” ಎಂದರು ಅಣ್ಣ. ನಿಲ್ಲಿಸಿದೆ. ಚಹಾಕ್ಕೆ ನೀರಿಟ್ಟು, ನನಗೆ ಬೆನ್ನು ಹಾಕಿಯೇ ಕೇಳಿದರು, “ನಿಮಗೆ ಎಂತ ಅನ್ನಿಸ್ತದೆ? ನನ್ನಿಂದ ಆದೀತಾ ಅದು?”

ಆಗಲೂ ಹೇಳಬಹುದಿತ್ತು. ವಫ್ರಾದ ತೋಟಗಳ ಮಣ್ಣು ದಾರಿಯಿಂದ ಸಬ್ಹಾನಿನ ಹಿಂದಿನ ಗೇಟಿನವರೆಗೆ ಎಲ್ಲ ಅವರ ತಲೆಯಲ್ಲಿತ್ತು. ಪರದೆ ನೋಡುವುದನ್ನು ನಾನೇ ಒಂದು ವಾರದಲ್ಲಿ ಕಲಿಸಿಬಿಡುತ್ತಿದ್ದೆ.

“ನಿಮ್ಮ ಇಷ್ಟ ಅಣ್ಣ,” ಎಂದೆ.

ಭಾನುವಾರ ಅವರು ಬೇಡವೆಂದರು. ಮುದೀರ್ ಮತ್ತೆ ಕೇಳಿದಾಗಲೂ, “ಖಲಾಸ್ ಸರ್,” ಎಂದರಂತೆ. ಹೊರಡುವ ದಿನ ತಮ್ಮ ಕುಕ್ಕರನ್ನು ನನ್ನ ಮಂಚದ ಕೆಳಗೆ ಇಟ್ಟು, “ಮಾಷ್ಟ್ರಿಗೆ ಆ ಕುರ್ಚಿ ಸಿಕ್ಕಿದ್ದು ಒಳ್ಳೇದಾಯ್ತು. ಬೇರೆಯವರಿಗೆ ಹೋಗಿದ್ರೆ ನಂಗೆ ಹೊಟ್ಟೆ ಉರೀತಿತ್ತು,” ಎಂದರು. ಪೆಟ್ಟಿಗೆಯ ಹಗ್ಗ ಬಿಗಿಯುವ ನೆಪದಲ್ಲಿ ನಾನು ತಲೆ ಎತ್ತಲಿಲ್ಲ.

ಕ್ಯಾಬಿನ್ನಿನಲ್ಲಿ ಕೂತ ಮೊದಲ ತಿಂಗಳು ಗೊತ್ತಿಲ್ಲದ ದಾರಿಗಳಿಗೆಲ್ಲ ನಾನು ಅವರಿಗೇ ಫೋನು ಮಾಡಿದೆ. ಊರಲ್ಲಿ ಮಗಳ ಮನೆಯ ಜಗಲಿಯಲ್ಲಿ ಕೂತು ಅವರು ಹೇಳುತ್ತಿದ್ದರು: ಎರಡನೇ ಸರ್ಕಲಿನಲ್ಲಿ ಬಲಕ್ಕೆ, ನೀರಿನ ಟ್ಯಾಂಕಿ ಕಂಡ ಮೇಲೆ ಎಡಕ್ಕೆ. ಅವರ ದನಿಯಲ್ಲಿ ಆಗ ಖುಷಿ ಇರುತ್ತಿತ್ತು. ದಾರಿಗಳನ್ನು ಕಲಿತ ಮೇಲೆ ನಾನು ಫೋನು ಮಾಡುವುದು ಕಡಿಮೆಯಾಯಿತು.

ಕಳೆದ ಚಳಿಗಾಲ ಅವರಿಗೆ ಲಕ್ವ ಹೊಡೆಯಿತೆಂದು ಕೇಳಿದೆ. ಆ ಶುಕ್ರವಾರ ಒಬ್ಬನೇ ಕೂತು, ಅಂದು ಅರ್ಧಕ್ಕೆ ನಿಲ್ಲಿಸಿದ್ದ ಸಿನಿಮಾದ ಉಳಿದ ಭಾಗ ನೋಡಿದೆ. ಆತ ಓಡಲಾರ, ಏದುಸಿರು ಬಿಡುತ್ತಾನೆ. ಆದರೆ ಬೀದಿ ಬಲ್ಲವನಾದ್ದರಿಂದ ಕಳ್ಳರಿಗಿಂತ ಮೊದಲೇ ಹೋಗಿ ಕಾಯುತ್ತಾನೆ. ಕುದುರೆಯ ಮೇಲೆ ಎಂದೂ ಕಾಣದ ಒಂದು ಗಾಂಭೀರ್ಯ ಆ ದಣಿದ ಮುಖದಲ್ಲಿತ್ತು. ಯಾರೂ ನಗಲಿಲ್ಲ.

ಮುಗಿದ ಕೂಡಲೇ ಅಣ್ಣನಿಗೆ ಫೋನು ಮಾಡಿದೆ. ಮೊಮ್ಮಗಳು ಎತ್ತಿದಳು. “ಅಜ್ಜನಿಗೆ ಎಲ್ಲ ಕೇಳ್ತದೆ. ಅವರು ಮಾತಾಡಿದ್ದು ನಂಗೆ ಮಾತ್ರ ಗೊತ್ತಾಗುದು. ಹೇಳಿ, ಕಿವಿಗೆ ಇಡ್ತೇನೆ.”

ಎಲ್ಲವನ್ನೂ ಹೇಳಿದೆ. ಮೇಲಧಿಕಾರಿ ನಿಜವಾಗಿ ಹೇಳಿದ್ದು ಏನು, ನಾನು ಹೇಳಿದ್ದು ಏನು, ಯಾಕೆ ಹೇಳಿದೆ. ಆಮೇಲೆ ಅಣ್ಣ ಮಾತಾಡತೊಡಗಿದರು. ಬಾಯಿಯೊಳಗೇ ಮುದ್ದೆಯಾಗುವ ಮಾತು, ಬಹಳ ಹೊತ್ತು. ನಡುವೆ ಒಮ್ಮೆ ನಿಂತು ಮತ್ತೆ ಶುರುಮಾಡಿದರು. ಒಂದಕ್ಷರವೂ ನನಗೆ ತಿಳಿಯಲಿಲ್ಲ.

“ಎಂತ ಹೇಳಿದ್ರು ಮಗಾ?”

ಹುಡುಗಿ ಫೋನು ಹಿಡಿದು ಅಜ್ಜನ ಹತ್ತಿರದಿಂದ ಆಚೆ ನಡೆದ ಸದ್ದು ಕೇಳಿಸಿತು.

“ಊಟ ಆಯ್ತಾ ಅಂತ ಕೇಳ್ತಾರೆ,” ಎಂದಳು.

“ಅಷ್ಟೇ ಹೇಳಿದ್ರಾ?”

“ಹೂಂ. ಅಷ್ಟೇ.”

ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ. “ಆಯ್ತು ಅಂತ ಹೇಳು,” ಎಂದೆ. ಬೆಳಗ್ಗಿನಿಂದ ನಾನು ಏನೂ ತಿಂದಿರಲಿಲ್ಲ.